ಗೌರಿಯ ಎಡಗಣ್ಣಿನ ಕೆಳಗಿನ ಮಚ್ಚೆ

ನನಗೆ ಓದಿನ ಹುಚ್ಚು ಇತ್ತು ಎಂದು ಮೊಮ್ಮಕ್ಕಳು ಮನೆಗೆ ಬಂದವರ ಮುಂದೆಲ್ಲ ಹೆಮ್ಮೆಯಿಂದ ಹೇಳುತ್ತಾರೆ. ಬಂದವರು, "ಏನ್ ಓದತಿದ್ರಿ ಅಮ್ಮಾ, ಪುರಾಣೇನ್ರಿ?" ಎಂದು ಕೇಳಿದರೆ ನಾನು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಚಹಾ ಇಡುತ್ತೇನೆಂದು ಎದ್ದು ಒಳಗೆ ಹೋಗುತ್ತೇನೆ. ನಾನು ಓದುತ್ತಿದ್ದದ್ದು ಖೂನಿಯ ಪುಸ್ತಕ. ತಿಂಗಳಿಗೊಂದು ಬರುತ್ತಿದ್ದ ಪತ್ತೇದಾರಿ ಮಾಲೆ. ಮುಖಪುಟದ ಮೇಲೆ ಸೆರಗು ಜಾರಿದ ಹೆಂಗಸು, ಅವಳ ಕೈಯಲ್ಲಿ ಪಿಸ್ತೂಲು, ಕೆಳಗೆ ‘ದೊಡ್ಡವರಿಗೆ ಮಾತ್ರ’ ಎಂಬ ಕೆಂಪಕ್ಷರ. ಆಗ ನನಗೆ ಮದುವೆಯಾಗಿ ಎರಡು ಮಕ್ಕಳಿದ್ದವು, ದೊಡ್ಡವಳೇ ಆಗಿದ್ದೆ. ಆದರೂ ಆ ಅಕ್ಷರ ಕಂಡರೆ ಕಿವಿ ಬಿಸಿಯಾಗುತ್ತಿತ್ತು.

ನನ್ನ ತವರು ಮೂಡಲಗಿ. ಅಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತೆ. ಆಮೇಲೆ ಗೋಕಾಕದ ಗೊಂಬೆ ಮಾಡುವ ಮನೆಗೆ ಕೊಟ್ಟರು. ಗಂಡಸರು ಹಗುರಾದ ಕಟ್ಟಿಗೆಯಲ್ಲಿ ಹಣ್ಣು, ಹಕ್ಕಿ, ದೇವರು ಕೆತ್ತುತ್ತಿದ್ದರು. ಹೆಂಗಸರು ಹುಣಸೆ ಬೀಜದ ಅಂಟು ಕುದಿಸಿ, ಬಿರುಕು ಮುಚ್ಚಿ, ಬಣ್ಣ ಹಚ್ಚುತ್ತಿದ್ದೆವು. ಆದರೆ ದೇವರ ಕಣ್ಣು ಬರೆಯುವ ಅಧಿಕಾರ ಮನೆಯಲ್ಲಿ ಒಬ್ಬರಿಗೇ. ಅದು ನಮ್ಮ ಅತ್ತೆಗೆ. ಅವರ ಕೈ ನಡುಗಲು ಶುರುವಾದ ಮೇಲೆ ಕುಂಚವನ್ನು ನನಗೆ ಕೊಟ್ಟರು. ಹಿರಿಯ ಸೊಸೆ ಇನ್ನೊಬ್ಬರು ಇದ್ದರು, ಅವರಿಗೆ ಕೊಡಲಿಲ್ಲ. ಆ ಸೊಕ್ಕು ನನಗೆ ಇತ್ತು, ಸುಳ್ಳು ಯಾಕೆ ಹೇಳಲಿ.

ಪುಸ್ತಕ ತರುತ್ತಿದ್ದವರು ನಮ್ಮ ಮನೆಯವರು. ಗೊಂಬೆಯ ಪೆಟ್ಟಿಗೆಗಳನ್ನು ರೈಲಿಗೆ ಹಾಕಲು ಘಟಪ್ರಭಾ ಸ್ಟೇಶನ್ನಿಗೆ ಹೋದಾಗ ಅಲ್ಲಿ ಕೊಳ್ಳುತ್ತಿದ್ದರು. ಅಲ್ಲೇ ಕುಳಿತು ಓದಿ ಮುಗಿಸಿ, ಬರುವಾಗ ಬಾಗಿಲಲ್ಲೇ, "ಈ ಸಲ ಖೂನಿ ಮಾಡಿದಾಕಿ ಯಾರ ಹೇಳ್ಲೇನು?" ಎಂದು ಕಾಡುತ್ತಿದ್ದರು. "ಹೇಳಿದ್ರ ನಾಳೆ ರೊಟ್ಟಿ ನೀವ ಬಡೀರಿ" ಎಂದು ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ.

ಆ ಮಾಲೆಯ ಪತ್ತೇದಾರನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಯಾವಾಗ ನೋಡಿದರೂ ಸಿಗರೇಟು ಸೇದುತ್ತ, ಎಲ್ಲ ನನಗೆ ಮೊದಲೇ ಗೊತ್ತಿತ್ತು ಎನ್ನುವ ಆಸಾಮಿ. ಗೊತ್ತಿದ್ದರೆ ಮೊದಲೇ ಹೇಳಬಾರದಿತ್ತೇ, ನಾಲ್ಕು ಜೀವ ಉಳಿಯುತ್ತಿದ್ದವು! ಬರೆಯುವವನೂ ಅಷ್ಟೇ, ವಿಷ ಹಾಕಬೇಕೆಂದರೆ ಪ್ರತಿ ಸಲವೂ ಹಾಲಿಗೇ ಹಾಕಿಸುತ್ತಿದ್ದ. ನಾನಾಗಿದ್ದರೆ ಸಾರಿಗೆ ಹಾಕಿಸುತ್ತಿದ್ದೆ, ಖಾರದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಕಾಯುತ್ತಿದ್ದದ್ದು ಒಬ್ಬಳಿಗಾಗಿ. ಅವಳ ಎಡಗಣ್ಣಿನ ಕೆಳಗೆ ಒಂದು ಮಚ್ಚೆ. ಗಂಡನನ್ನು ಕೊಂದು ಓಡಿಹೋದವಳು, ಒಂದು ಪುಸ್ತಕದಲ್ಲಿ ದಾಸಿ, ಇನ್ನೊಂದರಲ್ಲಿ ಸಾಹುಕಾರ್ತಿ, ಮತ್ತೊಂದರಲ್ಲಿ ನಾಟಕದವಳು. ಪ್ರತಿ ಸಲವೂ ಪತ್ತೇದಾರನ ಕೈಗೆ ಸಿಕ್ಕಂತೆ ಮಾಡಿ ತಪ್ಪಿಸಿಕೊಳ್ಳುತ್ತಿದ್ದಳು. ಅವಳು ಸಿಗಬಾರದು ಎಂದು ನಾನು ನಿಜವಾಗಿ ದೇವರಿಗೆ ಬೇಡಿಕೊಂಡಿದ್ದೇನೆ. ಖೂನಿ ಮಾಡಿದವಳಿಗಾಗಿ ಬಸವಣ್ಣನ ಗುಡಿಯಲ್ಲಿ ಕಾಯಿ ಒಡೆಸಿದ ಹೆಂಗಸು ಗೋಕಾಕದಲ್ಲಿ ನಾನೊಬ್ಬಳೇ ಇರಬೇಕು. ನನಗೇ ನಾಚಿಕೆಯಾಗುತ್ತಿತ್ತು, ಆದರೂ ಒಡೆಸಿದೆ.

ಗೌರಿ ಹುಣ್ಣಿಮೆ ಬಂತೆಂದರೆ ನಮಗೆ ಉಸಿರಾಡಲು ಪುರುಸೊತ್ತಿಲ್ಲ. ಸುತ್ತಲಿನ ಊರುಗಳಿಂದ ಮನೆಮನೆಯ ಕಟ್ಟಿಗೆಯ ಗೌರಿಯರು ನಮ್ಮಲ್ಲಿಗೆ ಬರುತ್ತಿದ್ದರು. ವರ್ಷವೆಲ್ಲ ಅರಿಷಿಣ ಕುಂಕುಮ ಮೆತ್ತಿದ ಮುಖವನ್ನು ತೊಳೆದು, ಹೊಸ ಬಣ್ಣ ಕೊಟ್ಟು, ಕೊನೆಗೆ ಕಣ್ಣು ಬರೆಯಬೇಕು. ಕಣ್ಣು ಬರೆಯುವವಳು ಮಿಂದು, ಬಾಯಿಗೆ ಏನೂ ಹಾಕದೆ, ಯಾರ ಜೊತೆಗೂ ಮಾತಾಡದೆ ಕೂರಬೇಕು. ಕಾಡಿಗೆ ಆರಿದ ಕೂಡಲೇ ಮುಖಕ್ಕೆ ಹಸಿರು ಅರಿವೆ ಸುತ್ತಿ ಗಂಟು ಹಾಕಬೇಕು. ಆ ಗಂಟನ್ನು ಬಿಚ್ಚುವುದು ಹುಣ್ಣಿಮೆಯ ದಿನ, ಗೌರಿಯ ಸ್ವಂತ ಮನೆಯಲ್ಲಿ, ಆರತಿ ಹಿಡಿದು. ಗೌರಿ ಕಣ್ಣು ಬಿಟ್ಟು ಮೊದಲು ನೋಡುವುದು ತನ್ನ ಮನೆಯವರನ್ನೇ ಎಂಬ ನೇಮ. ಬರೆದವಳೂ ಮತ್ತೆ ತೆಗೆದು ನೋಡುವಂತಿಲ್ಲ.

ಒಂದು ವರ್ಷ, ಹುಕ್ಕೇರಿಯ ಒಂದು ಮನೆಯ ಗೌರಿಯ ಕಣ್ಣು ಬರೆಯುವ ದಿನ ಬೆಳಿಗ್ಗೆ ಎದ್ದವಳೇ ನಾನು ಹೊಸ ಪುಸ್ತಕ ಹಿಡಿದೆ. ಬೂದಿಯ ಗುಂಡಿಯ ಬದಿಗೆ ನಿಂತು ನಾಲ್ಕು ಹಾಳೆ ಓದುವಷ್ಟರಲ್ಲಿ ಅತ್ತೆ ಕೂಗಿದರು. ಪುಸ್ತಕದಲ್ಲಿ ಮಚ್ಚೆಯವಳು ಬಾವಿಯ ಮೆಟ್ಟಿಲಲ್ಲಿ ಅಡಗಿದ್ದಳು, ಮೇಲೆ ಪೊಲೀಸರು. ಅವಳನ್ನು ಅಲ್ಲೇ ಬಿಟ್ಟು ಮಿಂದು ಬಂದು ಕುಂಚ ಹಿಡಿದೆ. ಮೈ ಗೌರಿಯ ಮುಂದಿತ್ತು, ಮನಸ್ಸು ಬಾವಿಯಲ್ಲಿತ್ತು. ಹುಬ್ಬು ಎಳೆದೆ, ರೆಪ್ಪೆ ಎಳೆದೆ, ಪಾಪೆ ಇಟ್ಟೆ, ಅರಿವೆ ಸುತ್ತಿ ಗಂಟು ಹಾಕಿದೆ.

ಮಧ್ಯಾಹ್ನ ಉಂಡು ಮತ್ತೆ ಪುಸ್ತಕ ತೆರೆದೆ. ‘ನೀರಿನಲ್ಲಿ ಅವಳ ಮುಖ ಕಂಡಿತು, ಎಡಗಣ್ಣಿನ ಕೆಳಗೆ ಆ ಮಚ್ಚೆ’ ಎಂಬಲ್ಲಿಗೆ ಬಂದಾಗ ನನ್ನ ಬಲಗೈಗೆ ನೆನಪಾಯಿತು. ಎರಡು ಪಾಪೆ ಇಟ್ಟ ಮೇಲೆ ಕೈ ಇನ್ನೊಂದು ಸಲ ಕೆಳಗಿಳಿದಿತ್ತು. ಒಂದು ಚುಕ್ಕೆ ಇಟ್ಟಿತ್ತು. ಅಯ್ಯೋ ನನ್ನ ಕೈಗೆ ಹಾವು ಕಡಿಯಲಿ!

ಗೌರಿ ಇನ್ನೂ ನಮ್ಮ ಗೂಡಿನಲ್ಲೇ ಇದ್ದಳು. ಗಂಟು ಬಿಚ್ಚಿ ಒರೆಸಿಬಿಡಬಹುದಿತ್ತು, ಆದರೆ ನೇಮ ಮುರಿಯಲು ಧೈರ್ಯ ಸಾಲಲಿಲ್ಲ. ಅತ್ತೆಗೆ ಹೇಳಬಹುದಿತ್ತು, ಆದರೆ ಏನೆಂದು ಹೇಳಲಿ? ಗಂಡನನ್ನು ಕೊಂದವಳ ಗುರುತನ್ನು ಮುತ್ತೈದೆಯರು ಪೂಜಿಸುವ ದೇವಿಯ ಮುಖದ ಮೇಲೆ ಇಟ್ಟೆ ಎಂದೇ? ಮರುದಿನ ಹುಕ್ಕೇರಿಯ ಮುದುಕಿ ಬಂದು ಗೌರಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದರು. ಅವರನ್ನು ನಾವೆಲ್ಲ ಆಯಿ ಎನ್ನುತ್ತಿದ್ದೆವು. ನಾನು ಬಾಯಿ ಬಿಡಲಿಲ್ಲ.

ಹುಣ್ಣಿಮೆ ಮುಗಿಯುವವರೆಗೆ ನನಗೆ ಅನ್ನ ಸೇರಲಿಲ್ಲ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಬಾಗಿಲಲ್ಲಿ ಯಾರ ಚಪ್ಪಲಿ ಸಪ್ಪಳವಾದರೂ ಹುಕ್ಕೇರಿಯವರೇ ಬೈಯಲು ಬಂದರು ಎನಿಸುತ್ತಿತ್ತು.

ಬಂದೇ ಬಂದರು. ಹುಣ್ಣಿಮೆಯಾದ ವಾರದೊಳಗೆ ಆಯಿ ಒಬ್ಬರೇ ಬಂದು ಅಂಗಳದಲ್ಲಿ ನಿಂತು, "ನಮ್ಮ ಗೌರಿ ಕಣ್ಣ ಬರದಾಕಿ ಯಾರವ್ವಾ? ಹೊರಗ ಕರೀರಿ" ಎಂದರು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಯಿ ಹತ್ತಿರ ಬಂದವರು ಬೈಯಲಿಲ್ಲ. ಬಗ್ಗಿ ನನ್ನ ಕಾಲು ಮುಟ್ಟಿದರು. ಅಷ್ಟು ವಯಸ್ಸಾದವರು, ನನ್ನ ಕಾಲನ್ನು! ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಆಮೇಲೆ ಕುಳಿತು ಅಳುತ್ತ ಹೇಳಿದರು. ಅವರ ಕಿರಿಯ ಸೊಸೆ ನಿಡಸೋಸಿಯ ಹುಡುಗಿ. ಅವಳಿಗೆ ಕಣ್ಣಿನ ಕೆಳಗೆ ಮಚ್ಚೆ. ಅವಳು ಮನೆ ತುಂಬಿದ ವರ್ಷವೇ ಎಮ್ಮೆ ಸತ್ತಿತು, ಆಯಿಯ ಯಜಮಾನರು ಅಟ್ಟದಿಂದ ಬಿದ್ದು ಹಾಸಿಗೆ ಹಿಡಿದರು. ಕಣ್ಣ ಕೆಳಗೆ ಮಚ್ಚೆ ಇದ್ದವಳು ತಾನೂ ಅಳುತ್ತಾಳೆ, ಮನೆಯನ್ನೂ ಅಳಿಸುತ್ತಾಳೆ ಎಂದು ಓಣಿಯ ಹೆಂಗಸರು ಮಾತಾಡಿಕೊಂಡರು. ಪಂಚಮಿಗೆಂದು ತವರಿಗೆ ಹೋದವಳನ್ನು ಕರೆತರಲು ಯಾರೂ ಹೋಗಲಿಲ್ಲ. ಮಗನಿಗೆ ಬೇರೆ ಹೆಣ್ಣು ನೋಡುವ ಮಾತೂ ಆಗಿತ್ತು.

"ಹುಣ್ಣವಿ ದಿನ ಅರಿವಿ ಬಿಚ್ಚತೀನಿ, ಗೌರಿ ಮಾರಿ ಮ್ಯಾಲ ಆ ಮಚ್ಚಿ! ಆರತಿ ಹಿಡದ ಹುಡುಗ್ಯಾರು ಹಾಡ ನಿಲ್ಲಿಸಿ ಬಿಟ್ರು. ನಾವು ಹೊರಗ ಹಾಕಿದಾಕಿ ಮಾರಿ ತಗೊಂಡು ತಾಯಿ ಬಂದ ಕುಂತಾಳ್ರಿ! ಮರುದಿನ ಚಕ್ಕಡಿ ಕಟ್ಟಿಸಿ ನಾನ ಹೋಗಿ, ಕೈ ಮುಗುದು ಕರಕೊಂಡ ಬಂದೆ" ಎಂದರು ಆಯಿ. ನನ್ನ ಉಡಿಯಲ್ಲಿ ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ, "ನಿನ್ನ ಕೈಯಾಗ ದೇವಿ ಕುಂತಾಳವ್ವಾ" ಎಂದು ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ಅವರು ಹೋದ ಮೇಲೆ ಅತ್ತೆ ನನ್ನ ಮುಖವನ್ನೇ ನೋಡಿದರು. ದೇವಿಯ ಮಾತನ್ನು ಅವರು ನಂಬಿದ್ದರೆ ಚೆನ್ನಾಗಿತ್ತು. "ಖರೆ ಹೇಳು. ಆ ಮಚ್ಚಿ ಯಾರದು?" ಎಂದರು. ನಾನು ಪುಸ್ತಕ ತಂದು ಮುಖಪುಟದ ಹೆಂಗಸಿನ ಎಡಗಣ್ಣಿನ ಕೆಳಗಿನ ಮಚ್ಚೆ ತೋರಿಸಿದೆ. ಅವರಿಗೆ ಓದು ಬಾರದು, ಚಿತ್ರ ಸಾಕಾಯಿತು.

"ಇಂಥಾಕಿ ಮಾರಿ ಮನಸಿನ್ಯಾಗ ಇಟಗೊಂಡು ಗೌರಿ ಮುಂದ ಕುಂತಿದ್ದಿ?" ಅವರು ಕೂಗಾಡಲಿಲ್ಲ. ಕುಂಚವನ್ನು ತೆಗೆದುಕೊಂಡು ತಮ್ಮ ಟ್ರಂಕಿನಲ್ಲಿ ಇಟ್ಟರು. "ಆಯಿಗೆ ಹೇಳಲೇನ್ರಿ?" ಎಂದು ಕೇಳಿದೆ. "ಹೇಳಿ ಆ ಹುಡುಗೀನ ಮತ್ತ ಹೊರಗ ಹಾಕಸ್ತೀಯೇನು? ಬಾಯಿ ಮುಚಗೊಂಡಿರು. ನಾಚಿಕಿ ನಿನಗ ಇರ್ಲಿ" ಎಂದರು. ಅಂದಿನಿಂದ ನನಗೆ ಹಣ್ಣು, ಹಕ್ಕಿಗಳ ಬಣ್ಣ ಮಾತ್ರ ಉಳಿಯಿತು. ಬಾಳೆಹಣ್ಣಿಗೆ ಹಳದಿ ಬಳಿಯುತ್ತ ಕೂರುವಾಗ ಹಿರಿಯ ಸೊಸೆ ನೋಡಿ ನಗುತ್ತಿದ್ದರು.

ಇಷ್ಟಾದ ಮೇಲೂ ಆ ಮಾಲೆಯನ್ನು ಬಿಟ್ಟೆನೇ? ಇಲ್ಲ. ಅದೇ ನನ್ನ ದೊಡ್ಡ ನಾಚಿಕೆ. ದನದ ಕೊಟ್ಟಿಗೆಯಲ್ಲಿ ನಿಂತು ಓದಿದೆ. ಯುಗಾದಿಯ ಮುಂದೆ ಬಂದ ಪುಸ್ತಕದಲ್ಲಿ ಮಚ್ಚೆಯವಳು ಸಿಕ್ಕಿಬಿದ್ದಳು. ಗಂಡ ಅವಳನ್ನು ಎಷ್ಟು ಹಿಂಸಿಸಿದ್ದ ಎಂಬುದನ್ನು ಅವಳು ಕೋರ್ಟಿನಲ್ಲಿ ಹೇಳಿದಳು. ಯಾರೂ ಕೇಳಲಿಲ್ಲ, ಗಲ್ಲಿಗೆ ಹಾಕಿದರು. ಪತ್ತೇದಾರ ಸಿಗರೇಟು ಹಚ್ಚಿಕೊಂಡ. ನಾನು ಎಮ್ಮೆಯ ಕೊರಳು ಹಿಡಿದುಕೊಂಡು ಅತ್ತುಬಿಟ್ಟೆ. ಮನೆಯವರು ಏನಾಯಿತೆಂದು ಕೇಳಿದಾಗ ಹಲ್ಲುನೋವು ಎಂದೆ.

ಮರುವರ್ಷ ಹುಕ್ಕೇರಿಯ ಗೌರಿಯನ್ನು ತಂದವಳು ಆ ಸೊಸೆಯೇ. ಆಯಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ. ಗಂಡನನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿ ಒಳಗೆ ಬಂದಳು. ತೆಳ್ಳಗಿನ ಹುಡುಗಿ, ತಲೆ ಮೇಲೆ ಸೆರಗು. ನಾನು ಮೊದಲು ನೋಡಿದ್ದು ಅವಳ ಮಚ್ಚೆಯನ್ನು. ಅದು ಬಲಗಣ್ಣಿನ ಕೆಳಗೆ ಇತ್ತು.

ಅತ್ತೆ ನೀರು ತರಲು ಒಳಗೆ ಹೋದಾಗ ಅವಳು ನನ್ನ ಪಕ್ಕಕ್ಕೆ ಸರಿದಳು.

"ಅಕ್ಕಾರ, ಗೌರಿದು ಎಡಕ್ಕ ಐತ್ರಿ, ನಂದು ಬಲಕ್ಕ. ಮನ್ಯಾಗ ಯಾರೂ ಇನ್ನೂ ಅದನ್ನ ಲಕ್ಷ್ಯ ಕೊಟ್ಟ ನೋಡಿಲ್ಲ."

ನಾನು, "ತಂಗೀ, ಈ ಸಲ ಬಲಕ್ಕ ಇಡಸ್ತೀನಿ" ಎಂದೆ.

"ಬ್ಯಾಡ್ರಿ! ಬದಲ ಮಾಡಿದ್ರ ಯಾಕ ಬದಲ ಆತು ಅಂತ ಎಲ್ಲಾರೂ ನೋಡತಾರ. ಇದ್ದಲ್ಲೇ ಇಡ್ರಿ." ಒಳಗೆ ಅತ್ತೆಯ ತಂಬಿಗೆಯ ಸಪ್ಪಳವಾಯಿತು. ಹುಡುಗಿ ಇನ್ನೂ ಮೆಲ್ಲಗೆ ಹೇಳಿದಳು. "ತವರಾಗ ನಮ್ಮಣ್ಣ ಆ ಪುಸ್ತಕ ತರತಿದ್ದ. ಗೌರಿ ನೋಡಿದ ಕೂಡ್ಲೆ ನನಗ ಗೊತ್ತಾತ್ರಿ, ಆ ಮಚ್ಚಿ ಯಾರದಂತ."

ಒಂದು ವರ್ಷ ದಿನವೂ, ಗೊತ್ತಿದ್ದೂ ಗೊತ್ತಿದ್ದೂ, ಆ ಮುಖಕ್ಕೆ ಕೈಮುಗಿದಿದ್ದಾಳೆ ಈ ಹುಡುಗಿ. ಮುಗಿಯದೆ ಏನು ಮಾಡಿಯಾಳು? ನಾನು ಮೈಮರೆತು ಇಟ್ಟ ಚುಕ್ಕೆಯ ಮೇಲೆ ಅವಳ ಸಂಸಾರ ನಿಂತಿತ್ತು.

ಆಮೇಲೆ ಅತ್ತೆಗೆ ಎಲ್ಲ ಹೇಳಿದೆ. ನೇಮದ ದಿನ ನಡುಗುವ ಕೈಯಲ್ಲೇ ತಾವೇ ಗೌರಿಯ ಕಣ್ಣು ಬರೆದರು. ಆಮೇಲೆ ಕುಂಚವನ್ನು ನನ್ನ ಕಡೆ ಚಾಚಿ, ಮೌನ ಮುರಿದು, "ಅದನ್ನ ನಾ ಇಡಂಗಿಲ್ಲ. ನಿಂದು ಅದು, ನೀನ ಇಡು" ಎಂದರು. ಕಳೆದ ವರ್ಷ ಗೊತ್ತಿಲ್ಲದೆ ಇಟ್ಟಿದ್ದೆ. ಈ ಸಲ ಗೊತ್ತಿದ್ದು, ಎಡಗಣ್ಣಿನ ಕೆಳಗೆ, ಕಣ್ಣಲ್ಲಿ ನೀರು ತುಂಬಿಕೊಂಡು ಇಟ್ಟೆ. ಅತ್ತೆ ಅರಿವೆ ಸುತ್ತಿ ಗಂಟು ಹಾಕಿದರು, ನನ್ನ ಮುಖ ನೋಡಲಿಲ್ಲ. ಅವರು ಇರುವವರೆಗೂ ಪ್ರತಿ ವರ್ಷ ಹಾಗೆಯೇ ನಡೆಯಿತು. ಕಣ್ಣು ಅವರದು, ಮಚ್ಚೆ ನನ್ನದು.

ಆದರೆ ನಾನು ಹೇಳಬೇಕೆಂದಿದ್ದು ಆ ಹುಡುಗಿ ಮೊದಲ ಸಲ ಬಂದ ವರ್ಷದ ಮಾತು. ಗೌರಿಯನ್ನು ಒಯ್ಯಲು ಹುಡುಗಿ ಮತ್ತೆ ಬಂದಳು. ಬಸ್ಸಿನವರೆಗೆ ಕಳಿಸಲು ನಾನು ಹೋದೆ. ಅವಳ ಗಂಡ ಜಾಗ ಹಿಡಿಯಲು ಮೊದಲೇ ಹತ್ತಿದ್ದ. ಗೌರಿಯನ್ನು ಮಗುವಿನಂತೆ ಅವಚಿಕೊಂಡು ಅವಳು ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿದಳು.

"ಅಕ್ಕಾರ, ಹುಕ್ಕೇರಿ ಮನ್ಯಾಗ ಪುಸ್ತಕಕ್ಕ ಹಾದಿ ಇಲ್ರಿ. ಆಕಿ ಏನಾದ್ಲು? ಸಿಕ್ಕಳೇನ್ರಿ?"

ಕಂಡಕ್ಟರ್ ಬೇಗ ಹತ್ತಿ ಎಂದು ಬಾಗಿಲು ಬಡಿಯುತ್ತಿದ್ದ. ಅರಿವೆ ಸುತ್ತಿದ ಗೌರಿಯ ಮುಖ ಅವಳ ಕೆನ್ನೆಗೆ ತಾಗಿತ್ತು.

"ಇಲ್ಲವ್ವಾ" ಎಂದೆ. "ಆಕಿ ಯಾರ ಕೈಗೂ ಸಿಗಲಿಲ್ಲ."