ಬಂಗುಡೆ ತಿಂದ ಕೊಕ್ಕರೆ

ಆಫ್ರಿಕಕ್ಕೆ ಎದುರಾಗಿ ಕಡಲಂಚಿನಲ್ಲಿರುವ ತರೀಫಾದಲ್ಲಿ ಲೆವಾಂತೆ ಬೀಸುವಾಗ ಯಾರೂ ಮದುವೆ ಮಾತು ಆಡುವುದಿಲ್ಲ, ಹಸು ಮಾರುವುದಿಲ್ಲ. ಆ ಮೂಡಣ ಗಾಳಿ ತಲೆ ಕೆಡಿಸುತ್ತದೆಂದು ಊರಿಗೆಲ್ಲ ಗೊತ್ತು. ಯಾವಾಗ ನಿಲ್ಲುತ್ತದೋ ಎಂದು ಎಲ್ಲರೂ ಶಪಿಸುತ್ತಿದ್ದರೆ, ಕಾಸಿಲ್ದಾ ಮಾತ್ರ ಈ ಸಲ ಅದು ನಿಲ್ಲದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದಳು.

ಕಾರಣ ಅವಳ ತಾರಸಿಯ ಮೇಲಿತ್ತು. ಆಗಸ್ಟಿನಲ್ಲಿ ತಮ್ಮ ಎಲೋಯ್ ತನ್ನ ದೋಣಿಯಲ್ಲಿ ಮೀನಿನ ಜೊತೆ ಒಂದು ಎಳೆಯ ಕೊಕ್ಕರೆಯನ್ನೂ ತಂದಿದ್ದ. ಆಫ್ರಿಕಕ್ಕೆ ಹೊರಟಿದ್ದು ಗಾಳಿಗೆ ಸಿಕ್ಕಿ ಕಡಲಿಗೆ ಬಿದ್ದಿತ್ತು. ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಬಂಗುಡೆ ಬಿಡಿಸಿ ಬಿಡಿಸಿ ಕೈ ಸವೆಸಿಕೊಂಡ ಕಾಸಿಲ್ದಾ ಅದನ್ನು ಬೈಯುತ್ತಲೇ ಸಾಕಿದಳು. ಬಟ್ಟೆ ಒಣಹಾಕಲು ಹೋದರೆ ಟಕಟಕ ಕೊಕ್ಕು ಬಡಿಯುತ್ತ ಹಿಂದೆಯೇ ಬರುತ್ತಿತ್ತು. ಈಗ ರೆಕ್ಕೆ ಗಟ್ಟಿಯಾಗಿದೆ. ಗಾಳಿ ನಿಲ್ಲಲೆಂದು ಗುಡ್ಡದ ಹಿಂದೆ ಕಾದಿರುವ ಕೊನೆಯ ಗುಂಪಿನ ಜೊತೆ ಕಡಲು ದಾಟಿದರೆ ದಾಟಿತು, ಇಲ್ಲವಾದರೆ ದಾರಿ ತೋರಿಸುವವರಿಲ್ಲ.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಗಾಳಿ ನಿಂತಿತು. ಅಕ್ಕ ತಮ್ಮ ಹಕ್ಕಿಯನ್ನು ದುಪ್ಪಟಿಯಲ್ಲಿ ಸುತ್ತಿ ವ್ಯಾನಿನಲ್ಲಿ ಗುಡ್ಡಕ್ಕೆ ಒಯ್ದು ಬಿಟ್ಟರು. ಅದು ಎರಡು ಹೆಜ್ಜೆ ಹಾಕಿ ಕೂತುಬಿಟ್ಟಿತು.

“ಅಕ್ಕಾ, ಇದಕ್ಕೆ ಏನಾದ್ರೂ ತಿನ್ಸಿದ್ಯಾ?”

“ಒಂದು ಬಟ್ಟಲು ಬಂಗುಡೆ. ದೂರದ ದಾರಿ ಅಲ್ವಾ? ನಮ್ಮನೆಯಿಂದ ಯಾರನ್ನಾದ್ರೂ ಬರೀ ಹೊಟ್ಟೇಲಿ ಕಳಿಸಿದ್ದುಂಟಾ?”

“ಅಯ್ಯೋ ನಿನ್ನ! ಅದೇನು ಬಸ್ಸು ಹತ್ತುತ್ತಾ? ಹೊಟ್ಟೆ ಬಿರಿಯೋ ಹಾಗೆ ತಿಂದ್ರೆ ಹಾರೋದು ಹೆಂಗೆ? ಬೇಕಂತಲೇ ಮಾಡಿದ್ಯೇನೋ!”

“ಬಾಯ್ಮುಚ್ಚೋ,” ಎಂದಳು. ಮುಖ ಮಾತ್ರ ಕೆಂಪಾಯಿತು.

ಅಷ್ಟರಲ್ಲಿ ಗುಡ್ಡದ ಹಿಂದಿನಿಂದ ಹಕ್ಕಿಗಳು ಎದ್ದವು. ಹದ್ದು, ಗಿಡುಗ, ಅವುಗಳ ಮೇಲೆ ಕೊಕ್ಕರೆಗಳು, ಇನ್ನೂ ಮೇಲೆ ಕಣ್ಣಿಗೆ ಎಳ್ಳುಕಾಳಿನಷ್ಟೇ ಕಾಣುವಂಥವು. ರೆಕ್ಕೆ ಬಡಿಯದೆ ಸುತ್ತುತ್ತ ಸುತ್ತುತ್ತ ಆಕಾಶವನ್ನೇ ತುಂಬಿದವು. ಅಷ್ಟೊಂದು ಜೀವ ತಲೆಯ ಮೇಲೆ ಹಾಯುತ್ತಿದ್ದರೂ ಸದ್ದೇ ಇಲ್ಲ. ಇದೇ ಊರಲ್ಲಿ ಹುಟ್ಟಿ ಬೆಳೆದ ಕಾಸಿಲ್ದಾ ಇದನ್ನು ನೆಟ್ಟಗೆ ನೋಡಿರಲೇ ಇಲ್ಲ. ಸೆಪ್ಟೆಂಬರ್ ಎಂದರೆ ಅವಳಿಗೆ ತಲೆ ತಗ್ಗಿಸಿ ಮೀನು ಬಿಡಿಸುವ ತಿಂಗಳು. ಅವಳ ಕೈ ತಾನಾಗಿ ಶಿಲುಬೆಯ ಗುರುತು ಹಾಕಿತು. ಇದರೊಳಗಿನ ಒಂದನ್ನು ತಾರಸಿಯ ಮೇಲೆ ಇಟ್ಟುಕೊಳ್ಳಲು ನೋಡಿದೆನಲ್ಲ ಎಂದು ನಾಚಿಕೆಯಾಯಿತು.

ಕೊಕ್ಕರೆಗಳ ಹಿಂಡು ಕಡಲ ಕಡೆ ಜಾರತೊಡಗಿತು.

“ಏಳು ಮಗಾ, ಏಳು! ಹೋಗ್ತಾ ಇದಾವೆ ನೋಡು!”

ಹಕ್ಕಿ ಕತ್ತೆತ್ತಿ ನೋಡಿತು. ಆಮೇಲೆ ಕತ್ತು ಬಗ್ಗಿಸಿ, ತಿಂದ ಬಂಗುಡೆಯನ್ನೆಲ್ಲ ಅವಳ ಭಾನುವಾರದ ಬೂಟಿನ ಮೇಲೆ ಕಕ್ಕಿ, ನಾಲ್ಕು ಹೆಜ್ಜೆ ಓಡಿ ಎದ್ದಿತು.

ಎಲೋಯ್ ಬಿದ್ದು ಬಿದ್ದು ನಕ್ಕ. “ಉಂಡಿದ್ದನ್ನ ವಾಪಸ್ ಕೊಟ್ಟೇ ಹೋಯ್ತಲ್ಲ ಅಕ್ಕಾ!”

ಕಾಸಿಲ್ದಾ ಬೂಟು ಒರೆಸಿಕೊಳ್ಳಲಿಲ್ಲ. ಹಕ್ಕಿ ಹಿಂಡಿನೊಳಗೆ ಸೇರಿತು, ಹಿಂಡು ಮೊರೊಕ್ಕೋದ ಬೆಟ್ಟಗಳ ಕಡೆ ತೇಲಿತು. ಯಾವುದು ತನ್ನದೆಂದು ಈಗ ಗುರುತೇ ಹತ್ತಲಿಲ್ಲ.

“ಬರೀ ಹೊಟ್ಟೇಲೇ ಹೋಯ್ತಲ್ಲೋ,” ಎಂದು ಅಳತೊಡಗಿದಳು.