ಕೀ ಬಿಟ್ಟ ಸ್ಕೂಟರು

ಚಿನಕುರಳಿಯಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿರುವ ತಿಮ್ಮರಾಜು ಗಾಡಿಯಿಂದ ಕೀ ತೆಗೆದದ್ದನ್ನು ನಾನು ಕಂಡವನಲ್ಲ. ಅಲ್ಲಿ ಡೇರಿ ಮುಂದಿನ ದಾರಿ ಇಕ್ಕಟ್ಟು. ಹಾಲಿನ ವ್ಯಾನು ಬಂದಾಗ ಯಾರಾದರೂ ಬೈಕನ್ನು ಪಕ್ಕಕ್ಕೆ ಸರಿಸಲಿ ಅಂತ ಎಲ್ಲರೂ ಕೀಯನ್ನು ಅದರಲ್ಲೇ ಬಿಡುತ್ತಾರೆ. ಜೇಬಿಗೆ ಹಾಕಿಕೊಂಡು ಹೋದವನನ್ನು ಭಾರೀ ಸಾವ್ಕಾರ ಬಂದ ಎಂದು ಆಡಿಕೊಳ್ಳುತ್ತಾರೆ. ಊರಿನ ಮಟ್ಟಿಗೆ ಒಳ್ಳೆಯ ಅಭ್ಯಾಸವೇ. ಅದನ್ನು ಬಾಲಿಗೂ ಹೊತ್ತುಕೊಂಡು ಹೋಗು ಎಂದು ಈ ಪುಣ್ಯಾತ್ಮನಿಗೆ ಹೇಳಿದ್ದು ಯಾರು?

ಹೆಚ್ಚು ಮೂಟೆ ಮಾರಿದ ಅಂಗಡಿಯವರನ್ನೆಲ್ಲ ಫೀಡು ಕಂಪನಿಯವರು ಆ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದರು. ಕೆ.ಆರ್.ಪೇಟೆಯಿಂದ ನಾನೂ ಇದ್ದೆ. ನಮಗೆಲ್ಲ ಸಮುದ್ರ ಸಾಕಾಗಿತ್ತು. ಇವನಿಗೆ ಮಾತ್ರ ಅಲ್ಲಿಯವರು ಭತ್ತದ ನಾಟಿ ಹೇಗೆ ಹಾಕುತ್ತಾರೆ ಅಂತ ನೋಡಬೇಕು. ಬಾಡಿಗೆಗೆ ಸ್ಕೂಟರು ಕೇಳಿದ. ಅಂಗಡಿಯವನು ಪಾಸ್‌ಪೋರ್ಟು ಅಡ ಇಡು ಎಂದ. ಬೇಡ ಕಣಯ್ಯ ಎಂದು ಬಡಕೊಂಡೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಕೊನೆಗೆ ನಾನೇ ಹಿಂದೆ ಹತ್ತಿ ಕೂತೆ.

ಗದ್ದೆ ಕಂಡದ್ದೇ ತಡ, ಗಾಡಿಯನ್ನು ರಸ್ತೆ ಬದಿಗೆ ನಿಲ್ಲಿಸಿ ಕೆಸರಿಗೆ ಇಳಿದ. ಅಲ್ಲಿಗೇ ತಮ್ಮ ಲೋಕೇಶನ ಫೋನು ಬಂತು. ಅವ್ವ ಚಿಕ್ಕಬೋರಮ್ಮ ಹಾಲು ಕರೆಯುತ್ತಿದ್ದವಳು ಕೊಟ್ಟಿಗೆಯಲ್ಲೇ ಕುಸಿದು ಪ್ರಾಣ ಬಿಟ್ಟಿದ್ದಳು. ತಿಮ್ಮರಾಜು ಹಿರಿಮಗ. ಮೊದಲ ಹಿಡಿ ಮಣ್ಣು ಅವನೇ ಹಾಕಬೇಕು.

"ನಾಳೆ ಹೊತ್ ಮುಳುಗೋಗಂಟ ಕಾಯ್ತೀವಿ, ಬಂದ್ಬುಡಣ್ಣ" ಎಂದು ಲೋಕೇಶ ಅತ್ತ.

ಅಂದಿನ ವಿಮಾನ ಹಿಡಿದರೆ ಊರು ಸೇರಬಹುದಿತ್ತು. ಓಡಿ ರಸ್ತೆಗೆ ಬಂದರೆ ಸ್ಕೂಟರಿಲ್ಲ.

"ಯಾರೋ ಪಕ್ಕಕ್ಕೆ ಮಡಗವ್ರೆ ಕಣ್ಲಾ" ಎನ್ನುತ್ತಾ ಆ ರಸ್ತೆಯುದ್ದಕ್ಕೂ ಕೆಸರುಗಾಲಲ್ಲೇ ಹುಡುಕಿದ. ಬೈಯಬೇಕೆಂದು ಬಾಯಿ ತೆರೆದೆ. ಅವನ ಮುಖ ನೋಡಿ ನಾನೂ ಹುಡುಕತೊಡಗಿದೆ.

ಟ್ಯಾಕ್ಸಿ ಹಿಡಿದು ಬಾಡಿಗೆ ಅಂಗಡಿಗೆ ಬಂದೆವು. ಗಾಡಿ ತಂದುಕೊಟ್ಟು ಪಾಸ್‌ಪೋರ್ಟು ತಗೊಂಡು ಹೋಗಿ ಎಂದು ಅಂಗಡಿಯವನದು ಒಂದೇ ಹಟ. ತಿಮ್ಮರಾಜು ಫೋನಿನಲ್ಲಿ ಅವ್ವನ ಫೋಟೋ ತೋರಿಸಿದ, ಕಾಲಿಗೆ ಬಿದ್ದ. ಆಸಾಮಿ ಮುಖ ತಿರುಗಿಸಿಕೊಂಡ. ಸಮುದ್ರದ ಕಡೆಯಿದ್ದವರನ್ನೂ ಕರೆಸಿ ನಾವೆಲ್ಲ ಜೇಬು ಬರಿದು ಮಾಡಿ, ಗಾಡಿಯ ಬೆಲೆ ತೆತ್ತು ಪಾಸ್‌ಪೋರ್ಟು ಬಿಡಿಸಿಕೊಳ್ಳುವ ಹೊತ್ತಿಗೆ ವಿಮಾನ ಹೋಗಿತ್ತು. ಮುಂದಿನದು ಮರುದಿನ ರಾತ್ರಿ.

ಮರುದಿನ ರಾತ್ರಿ ಆ ವಿಮಾನಕ್ಕೆ ಕಾಯುತ್ತಾ ನಿಲ್ದಾಣದಲ್ಲಿ ಕೂತಿದ್ದಾಗ ಲೋಕೇಶ ವಿಡಿಯೋ ಕಾಲ್ ಮಾಡಿದ. ಊರಲ್ಲಿ ಇನ್ನೂ ಸಂಜೆ. ಹೊಲದಲ್ಲಿ ಗುಂಡಿ ತೋಡಿ ಅವ್ವನನ್ನು ಇಳಿಸಿದ್ದರು. ಯಾರೂ ಮಣ್ಣು ಮುಟ್ಟದೆ ನಿಂತಿದ್ದರು. ಕತ್ತಲಾಗುತ್ತದೆ, ಏನು ಮಾಡೋಣ ಎಂದು ಅವನು ಕೇಳಿದ.

"ಮೊದ್ಲು ನಂದು ಹಾಕು ಕಣ್ಲಾ" ಎಂದ ತಿಮ್ಮರಾಜು. "ಆಮೇಲೆ ನಿಂದು."

ಲೋಕೇಶ ಬಗ್ಗಿ ಒಂದು ಹಿಡಿ ಮಣ್ಣು ಎತ್ತಿಕೊಂಡ. "ಅವ್ವ, ಇದು ಅಣ್ಣಂದು" ಎಂದು ಗುಂಡಿಗೆ ಬಿಟ್ಟ.