ತಿಪ್ಪೆ ಮಾಗದ ವರ್ಷ

ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ದನದ ಸಗಣಿ, ಹಿಪ್ಪುನೇರಳೆ ಕಡ್ಡಿ, ರೇಷ್ಮೆಹುಳುವಿನ ಹಿಕ್ಕೆ ಎಲ್ಲವೂ ಬೀಳುತ್ತಿದ್ದುದು ಮನೆಯ ಹಿಂದಿನ ತಿಪ್ಪೆಗೆ. ಕೆದಕಿದರೆ ಹೆಬ್ಬೆರಳು ದಪ್ಪದ ಬಿಳಿ ಹುಳುಗಳು ಬಾಗಿ ಮುದುಡಿಕೊಂಡು ಉರುಳುತ್ತಿದ್ದವು. ಆಗಷ್ಟೇ ಹೈಸ್ಕೂಲು ಮುಗಿಸಿದ್ದ ನನಗೆ, ಅವು ತೋಟಕ್ಕೆ ಹೋಗಿ ಬೇರು ತಿನ್ನುತ್ತವೆಂಬ ಅನುಮಾನ.

"ಗೊಬ್ಬರ ಮಾಗ್ಸೋ ಹುಳ ಕಣೋ ಅವು. ನಿನ್ ಓದು ಅವಕ್ ಹೇಳ್ಕೊಡಕ್ ಹೋಗ್ಬೇಡ," ಅಂದರು ಅಪ್ಪ.

ನಾನು ಕೇಳಲಿಲ್ಲ. ಅಪ್ಪ ಚಿಂತಾಮಣಿ ಸಂತೆಗೆ ಹೋಗಿದ್ದ ದಿನ ಹುಳ ಕೊಲ್ಲುವ ಬಿ.ಎಚ್.ಸಿ. ಪುಡಿ ತಂದು ತಿಪ್ಪೆಯ ಮೇಲೆಲ್ಲ ಎರಚಿದೆ. ಗಾಳಿ ಮನೆಯ ಕಡೆಗೆ ಬೀಸುತ್ತಿತ್ತು. ರೇಷ್ಮೆಹುಳು ಸಾಕಿದ್ದ ಕೋಣೆಯ ಕಿಟಕಿ ತೆರೆದಿತ್ತು.

ಹುಳುಗಳು ಕೊನೆಯ ಪೊರೆ ಕಳಚಿ ಭರದಿಂದ ಸೊಪ್ಪು ತಿನ್ನುತ್ತಿದ್ದವು. ಗೂಡು ಕಟ್ಟಲು ನಾಲ್ಕೇ ದಿನ ಉಳಿದಿತ್ತು. ಮರುದಿನ ಬೆಳಿಗ್ಗೆ ನೋಡಿದರೆ ಯಾವ ತಟ್ಟೆಯಲ್ಲೂ ಒಂದೂ ತಿನ್ನುತ್ತಿಲ್ಲ. ತಲೆ ಆಡಿಸುತ್ತ, ಹಸಿರು ನೀರು ಕಾರುತ್ತ, ಕುಗ್ಗಿ ಕುಗ್ಗಿ ಸತ್ತವು. ನೋಡುತ್ತ ನಿಲ್ಲುವುದು ಬಿಟ್ಟು ಯಾರೂ ಏನೂ ಮಾಡುವಂತಿರಲಿಲ್ಲ.

ಮುಟ್ಟಾದವರು ಕಾಲಿಟ್ಟರೆ ಹುಳು ಸಾಯುತ್ತವೆಂಬ ನಂಬಿಕೆ ನಮ್ಮಲ್ಲಿತ್ತು. ಅಮ್ಮ ನೇರ ಅತ್ತಿಗೆಯ ಕಡೆ ತಿರುಗಿದರು.

"ಹೊರಗಾಗಿದ್ದೂ ಮುಚ್ಚಿಟ್ಕೊಂಡು ಒಳಗ್ ಹೋದ್ಯೇನೇ?"

"ಇಲ್ಲ ಅತ್ತೆ, ದೇವ್ರಾಣೆ ಇಲ್ಲ."

ಅಣ್ಣ ಅತ್ತಿಗೆಯ ಕೆನ್ನೆಗೆ ಹೊಡೆದ. ನಾನು ಕಂಬ ಹಿಡಿದು ನಿಂತಿದ್ದೆ.

ಬೇಸಿಗೆಯಲ್ಲಿ ತೋಟಕ್ಕೆ ಹೊಡೆಯಲು ತಿಪ್ಪೆ ಅಗೆದರೆ ಅದು ಮಾಗಿರಲೇ ಇಲ್ಲ. ಕಡ್ಡಿ ಕಡ್ಡಿಯಾಗಿಯೇ ಇತ್ತು, ಸಗಣಿ ಬೆರಣಿಯಂತೆ ಪದರ ಪದರವಾಗಿ ಕೂತಿತ್ತು. ಬಿಳಿ ಹುಳು ಹಾಗಿರಲಿ, ಒಂದು ಎರೆಹುಳುವೂ ಇರಲಿಲ್ಲ.

"ಹುಳ ಎಲ್ಲೋದ್ವೋ?" ಅಪ್ಪ ಕೇಳಿದರು.

"ಗೊತ್ತಿಲ್ಲಪ್ಪ."

ಬುಟ್ಟಿ ಹಿಡಿದು ನಿಂತಿದ್ದ ಅತ್ತಿಗೆ ಒಂದು ಹಿಡಿ ಎತ್ತಿ ಮೂಸಿದರು. ಪುಡಿಯ ಮುಗ್ಗಲು ವಾಸನೆ ಇನ್ನೂ ಹೋಗಿರಲಿಲ್ಲ. ಅವರು ನನ್ನನ್ನೇ ನೋಡಿದರು. ಅಪ್ಪನ ಗಾಡಿ ಹೊರಟ ಮೇಲೆ ಬಾಯಿಬಿಟ್ಟೆ.

"ನಾನೇ ಅತ್ತಿಗೆ, ಪುಡಿ ಹಾಕ್ದೋನು. ಅಣ್ಣಂಗೆ ಹೇಳ್ಬಿಡ್ತೀನಿ."

"ಇಷ್ಟ್ ದಿನ ಆದ್ಮೇಲಾ? ನಾನೇ ಹೇಳ್ಕೊಟ್ಟೆ ಅಂತಾರೆ ಕಣಪ್ಪ. ಅದಕ್ಕೂ ನಂಗೇ ಬೀಳ್ತವೆ. ಸುಮ್ನಿರು."

ಆ ಮಾತು ಕೇಳಿ ನನಗೆ ನೆಮ್ಮದಿಯಾಯಿತು. ಪುಡಿ ಎರಚಿದ್ದು ತಿಳಿಯದೆ ಮಾಡಿದ ತಪ್ಪು. ಆ ನೆಮ್ಮದಿಗೆ ಅಂಥ ನೆಪವಿಲ್ಲ. ಅಮ್ಮ, ಅಣ್ಣ ಬದುಕಿರುವ ತನಕ ನಾನು ಸುಮ್ಮನೇ ಇದ್ದೆ. ಅತ್ತಿಗೆಯನ್ನು ಮತ್ತೆ ಹುಳುವಿನ ಕೋಣೆಗೆ ಸೇರಿಸಲಿಲ್ಲ. ಪ್ರತಿ ಬೆಳೆಗೂ ಅವರು ಸೊಪ್ಪು ಕೊಯ್ದು ತಂದು ಹೊಸ್ತಿಲಾಚೆ ಇಡುತ್ತಿದ್ದರು. ಅದನ್ನು ಎತ್ತಿ ಒಳಗೆ ಒಯ್ಯುತ್ತಿದ್ದವನು ನಾನು.